ಊರು ಚಿಕ್ಕದು, ಬಸ್ಸು ದೂರ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಬರಲಿರುವ ಜನಗಣತಿಯ ಬಗ್ಗೆ ಒಂದು ಚಿಕ್ಕ ಟಿಪ್ಪಣಿಯನ್ನು ಪ್ರಕಟಿಸಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜನಸಂಖ್ಯೆಯ ಮಾತಿನಿಂದ ಶುರುವಾಗಿ ಬಸ್ಸಿನ ಮಾತಿಗೆ ಬಂದು ನಿಂತಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಮ್ಮ ಗ್ರಾಮದ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ 2011ರ ಜನಗಣತಿಯ ಮಾಹಿತಿಯ ಒಂದು ಪುಟ ಸಿಗುತ್ತದೆ. ಅದರ ಪ್ರಕಾರ ಜನಸಂಖ್ಯೆ ಆರುನೂರಕ್ಕಿಂತ ಹೆಚ್ಚು, ಸರ್ಕಾರಿ ಬಸ್ಸು ಗ್ರಾಮದಲ್ಲಿಯೇ ಲಭ್ಯ. ನಾವಿರುವ ಕಡೆ ಇರುವುದು ಹನ್ನೊಂದು ಮನೆ. ಬಸ್ಸು ಹಿಡಿಯಲು ಮೂರೂವರೆ ಕಿಲೋಮೀಟರ್ ನಡೆಯಬೇಕು, ನಡುವೆ ಹಳ್ಳವಿದೆ. ಆ ಪುಟ ಹೇಳುವುದು ಸುಳ್ಳೇ?
– ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ

ಉತ್ತರ: ಸುಳ್ಳಲ್ಲ. ಆದರೆ ಆ ಪುಟದಲ್ಲಿ ‘ಗ್ರಾಮ’ ಎಂದಿರುವುದು ನೀವು ‘ಊರು’ ಎನ್ನುವ ಜಾಗವಲ್ಲ. ಜನಗಣತಿಯು ಗ್ರಾಮಾಂತರ ಪ್ರದೇಶದಲ್ಲಿ ಎಣಿಸುವುದು ಕಂದಾಯ ಗ್ರಾಮವನ್ನು. ಅಂದರೆ ಗಡಿ ಗುರುತಿಸಿ, ಸರ್ವೆ ನಂಬರುಗಳನ್ನು ಕೊಟ್ಟು, ನಕ್ಷೆ ಬರೆದಿಟ್ಟ ನೆಲದ ತುಂಡನ್ನು. 2011ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಇಂಥ 29,340 ಗ್ರಾಮಗಳಿದ್ದವು. ಬಯಲುಸೀಮೆಯಲ್ಲಿ ಮನೆಗಳೆಲ್ಲ ಒಂದೇ ಕಡೆ ಒತ್ತೊತ್ತಾಗಿ ಇರುವುದರಿಂದ ಕಂದಾಯ ಗ್ರಾಮಕ್ಕೂ ಕಣ್ಣಿಗೆ ಕಾಣುವ ಊರಿಗೂ ಅಷ್ಟಾಗಿ ವ್ಯತ್ಯಾಸ ಬೀಳುವುದಿಲ್ಲ. ಮಲೆನಾಡಿನಲ್ಲಿ ಹಾಗಲ್ಲ. ಅಲ್ಲಿ ಮನೆಗಳು ಅಡಿಕೆ ತೋಟದ ತಲೆಯ ಮೇಲೆ, ಗದ್ದೆ ಬಯಲಿನ ಅಂಚಿನಲ್ಲಿ, ಎರಡು ಇಲ್ಲಿ ನಾಲ್ಕು ಅಲ್ಲಿ ಎಂಬಂತೆ ಹರಡಿಕೊಂಡಿದ್ದು, ಒಂದು ಕಂದಾಯ ಗ್ರಾಮದೊಳಗೆ ಗುಡ್ಡ, ಕಾಡು, ಹೊಳೆ ಎಲ್ಲವೂ ಸೇರಿರುತ್ತವೆ. ಮುಖ್ಯ ರಸ್ತೆಯ ಪಕ್ಕದ ಒಂದು ಮಜರೆಗೆ, ಅಂದರೆ ಗ್ರಾಮದೊಳಗಿನ ಒಂದು ಚಿಕ್ಕ ಊರಿಗೆ, ಬಸ್ಸು ಬಂದು ಹೋದರೂ ಸಾಕು, ಇಡೀ ಗ್ರಾಮಕ್ಕೆ ಬಸ್ಸು ‘ಲಭ್ಯ’ ಎಂದು ದಾಖಲಾಗುತ್ತದೆ. ನಿಮ್ಮ ಹನ್ನೊಂದು ಮನೆಗಳ ಜನ ಆ ಆರುನೂರರಲ್ಲಿ ಸೇರಿದ್ದಾರೆ. ನಿಮ್ಮ ಮೂರೂವರೆ ಕಿಲೋಮೀಟರ್ ಮಾತ್ರ ಎಲ್ಲಿಯೂ ಸೇರಿಲ್ಲ.

ಆ ಪುಟವನ್ನು ಓದುವ ಕ್ರಮವನ್ನೂ ಹೇಳಬೇಕು. ಒಂದು ಸೌಲಭ್ಯ ಗ್ರಾಮದಲ್ಲಿ ಇಲ್ಲದಿದ್ದರೆ ಅದು ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದನ್ನು ಜನಗಣತಿಯ ಜಿಲ್ಲಾ ಕೈಪಿಡಿ ಮೂರೇ ಸಂಕೇತಗಳಲ್ಲಿ ತಿಳಿಸುತ್ತದೆ: 5 ಕಿಲೋಮೀಟರ್‌ಗಿಂತ ಕಡಿಮೆ, 5ರಿಂದ 10, ಮತ್ತು 10ಕ್ಕಿಂತ ಹೆಚ್ಚು. ಹೀಗಾಗಿ ಅರ್ಧ ಕಿಲೋಮೀಟರ್ ದೂರದ ಊರೂ ನಾಲ್ಕೂಮುಕ್ಕಾಲು ಕಿಲೋಮೀಟರ್ ದೂರದ ಊರೂ ಒಂದೇ ಸಂಕೇತದಡಿ ಬರುತ್ತವೆ. ಹತ್ತರ ಆಚೆ ಹನ್ನೊಂದಾದರೂ ಒಂದೇ, ನಲವತ್ತಾದರೂ ಒಂದೇ. ಏರು, ಇಳಿಜಾರು, ಮಳೆಗಾಲ ಇವಕ್ಕೆ ಅಲ್ಲಿ ಕಾಲಂ ಇಲ್ಲ. ಬಸ್ಸು ದಿನಕ್ಕೆ ಎಷ್ಟು ಸಲ ಬರುತ್ತದೆ ಎಂಬುದೂ ಅದರಿಂದ ತಿಳಿಯುವುದಿಲ್ಲ. ಬೆಳಿಗ್ಗೆ ಒಮ್ಮೆ ಬಂದು ಹೋಗುವ ಬಸ್ಸಿಗೂ ಅರ್ಧ ಗಂಟೆಗೊಂದು ಬರುವ ಬಸ್ಸಿಗೂ ಉತ್ತರ ‘ಹೌದು’ ಎಂದೇ. ರಾಜ್ಯ ಮಟ್ಟದಲ್ಲಿ ಲೆಕ್ಕ ಕೂಡುವವರಿಗೆ ಇಷ್ಟು ಸಾಕಾಗಬಹುದು, ಊರಿಗೆ ಏನು ಬೇಕೆಂದು ನಿರ್ಧರಿಸುವವರಿಗೆ ಸಾಲದು.

ನೀವು ಪತ್ರದ ಕೊನೆಯಲ್ಲಿ ಹಳ್ಳಕ್ಕೆ ಹಾಕಿದ ಸಂಕದ ಬಗ್ಗೆ ಬರೆದಿರುವ ಎರಡು ಸಾಲು ಯಾವ ಕೋಷ್ಟಕಕ್ಕಿಂತಲೂ ಹೆಚ್ಚು ತಿಳಿಸುತ್ತದೆ. ಎರಡು ಅಡಿಕೆ ಮರ ಕಡಿದು ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಕಾಲುಸಂಕವಾಯಿತು. ಆಷಾಢದಲ್ಲಿ ಅದರ ಮೇಲೆ ಹಾವಸೆ ಕಟ್ಟುತ್ತದೆ; ಶಾಲೆಗೆ ಹೋಗುವ ಮಕ್ಕಳು ಕೊಡೆ ಮಡಚಿ ಕಂಕುಳಲ್ಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಒಬ್ಬರ ಹಿಂದೆ ಒಬ್ಬರು ದಾಟುತ್ತಾರೆ. ಸಂಕ ಕೊಚ್ಚಿ ಹೋದ ದಿನ ಮೂರೂವರೆ ಕಿಲೋಮೀಟರ್ ಸುತ್ತುದಾರಿಯಲ್ಲಿ ಎಂಟೋ ಒಂಬತ್ತೋ ಆಗುತ್ತದೆ. ನಿಮ್ಮಂಥ ಕಡೆಗಳಲ್ಲಿ ಬಸ್ಸಿಗಿಂತ ಮೊದಲು ಕೇಳಬೇಕಾದದ್ದು ಶಾಶ್ವತ ಕಾಲುಸೇತುವೆಯನ್ನು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಕಟ್ಟಿದ ತೂಗುಸೇತುವೆಯಿಂದ ಆರಂಭಿಸಿ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವಾಹನ ಹೋಗುವ ಸೇತುವೆಯ ಖರ್ಚಿಗೆ ಜನಸಂಖ್ಯೆಯ ಸಮರ್ಥನೆ ಸಿಗದ ಕಡೆ, ಜನ ನಡೆದು ದಾಟುವ ಸೇತುವೆಯಾದರೂ ಸಾಧ್ಯ ಎಂಬುದಕ್ಕೆ ಆ ಸೇತುವೆಗಳೇ ಸಾಕ್ಷಿ.

ಪ್ರಶ್ನೆ: ನಮ್ಮ ಪಕ್ಕದ ಗ್ರಾಮವನ್ನು ದಾಖಲೆಯಲ್ಲಿ ‘ಬೇಚರಾಕ್’ ಎಂದು ಬರೆದಿದ್ದಾರೆ. ಹಾಗೆಂದರೇನು?
– ಹಾವೇರಿ ಜಿಲ್ಲೆ

ಉತ್ತರ: ಜನವಸತಿ ಇಲ್ಲದ ಗ್ರಾಮ ಎಂದರ್ಥ. ಪಾರಸಿಯ ‘ಬೇಚಿರಾಗ್’ ಎಂಬ ಮಾತು ಕಂದಾಯದವರ ಬಾಯಲ್ಲಿ ಹೀಗಾಗಿದೆ. ದೀಪವಿಲ್ಲದ್ದು ಎಂಬುದು ಅದರ ಮೂಲಾರ್ಥ. ಮೇಲೆ ಹೇಳಿದ 29,340 ಗ್ರಾಮಗಳಲ್ಲಿ 2011ರಲ್ಲಿ ಜನವಸತಿ ಇದ್ದವು 27,397. ಉಳಿದವುಗಳಲ್ಲಿ ಹೊಲವಿದೆ, ಪಹಣಿಯಿದೆ, ಕೆಲವು ಕಡೆ ಹಾಳು ದೇವಸ್ಥಾನವೂ ಇದೆ, ಸಂಜೆ ದೀಪ ಹಚ್ಚುವವರು ಮಾತ್ರ ಇಲ್ಲ.

ಪ್ರಶ್ನೆ: ನಮ್ಮದು ಮೂಲ ಗ್ರಾಮದಿಂದ ಎರಡು ಕಿಲೋಮೀಟರ್ ದೂರದ ತಾಂಡಾ. ಮುನ್ನೂರು ಜನ ಇದ್ದೇವೆ. ‘ಐನೂರು ಜನ ಇದ್ದರೆ ಮಾತ್ರ ಕೇಂದ್ರದ ರಸ್ತೆ’ ಎಂದು ಒಬ್ಬರು, ‘ಇನ್ನೂರೈವತ್ತು ಸಾಕು’ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ನಿಜ?
– ಯಾದಗಿರಿ ಜಿಲ್ಲೆ

ಉತ್ತರ: ಇಬ್ಬರೂ ನಿಜವನ್ನೇ ಹೇಳಿದ್ದಾರೆ, ಆದರೆ ನಿಮ್ಮ ಜಿಲ್ಲೆಗೆ ಅನ್ವಯಿಸುವುದು ಎರಡನೆಯವರ ಮಾತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಆರಂಭವಾದಾಗಿನಿಂದಲೂ ಬಯಲು ಪ್ರದೇಶದ ವಸತಿಗಳಿಗೆ 500 ಜನ, ಗುಡ್ಡಗಾಡು ರಾಜ್ಯಗಳು ಮತ್ತು ಕೆಲವು ವಿಶೇಷ ಪ್ರದೇಶಗಳಿಗೆ 250 ಜನ ಎಂಬ ಮಿತಿಯನ್ನು ಇಟ್ಟುಕೊಂಡಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ನಾಲ್ಕನೆಯ ಹಂತದಲ್ಲಿ, 2011ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು, ರಸ್ತೆ ಇಲ್ಲದ ಸುಮಾರು 25,000 ವಸತಿಗಳಿಗೆ 62,500 ಕಿಲೋಮೀಟರ್ ಸರ್ವಋತು ರಸ್ತೆ ನಿರ್ಮಿಸುವ ಗುರಿಯಿದೆ. ಈ ಹಂತದಲ್ಲಿ 250ರ ಮಿತಿಯ ಪಟ್ಟಿಗೆ ಮಹತ್ವಾಕಾಂಕ್ಷಿ ಜಿಲ್ಲೆಗಳೂ, ಅಂದರೆ ಅಭಿವೃದ್ಧಿಯಲ್ಲಿ ಹಿಂದುಳಿದವೆಂದು ಕೇಂದ್ರ ಗುರುತಿಸಿದ ಜಿಲ್ಲೆಗಳೂ, ಸೇರಿವೆ; ಕರ್ನಾಟಕದಲ್ಲಿ ಅಂಥವು ರಾಯಚೂರು ಮತ್ತು ಯಾದಗಿರಿ.

ಇಲ್ಲಿ ನಿಮಗೆ ಅನುಕೂಲವಾದ ಒಂದು ಸಂಗತಿಯಿದೆ. ಈ ಯೋಜನೆಯ ಘಟಕ ಕಂದಾಯ ಗ್ರಾಮವಲ್ಲ, ವಸತಿ. ಎಂದರೆ ಒಂದೇ ಜಾಗದಲ್ಲಿ ನೆಲೆ ನಿಂತ ಮನೆಗಳ ಗುಂಪು. ತಾಂಡಾ, ಹಟ್ಟಿ, ಮಜರೆ, ಕೇರಿ, ಹಾಡಿ ಎಲ್ಲವೂ ಇದರೊಳಗೆ ಬರುತ್ತವೆ. ಮೂಲ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶದ ವಸತಿಗಳು 500 ಮೀಟರ್ ಒಳಗೆ ಇದ್ದರೆ ಅವುಗಳ ಜನಸಂಖ್ಯೆಯನ್ನು ಕೂಡಿಸಿ ಲೆಕ್ಕ ಹಿಡಿಯಲು ಅವಕಾಶವಿದೆ. ಆದ್ದರಿಂದ ಮೂಲ ಗ್ರಾಮಕ್ಕೆ ಡಾಂಬರು ರಸ್ತೆ ಬಂದಿದೆ ಎಂಬ ಕಾರಣಕ್ಕೆ ಎರಡು ಕಿಲೋಮೀಟರ್ ಆಚೆಯ ತಾಂಡಾಕ್ಕೂ ರಸ್ತೆ ಬಂದಂತೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ರಾಜ್ಯದಲ್ಲಿ ಈ ಕೆಲಸ ನಡೆಸುವುದು ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆ. ನಿಮ್ಮ ತಾಂಡಾ ಪ್ರತ್ಯೇಕ ವಸತಿಯಾಗಿ ಪಟ್ಟಿಯಲ್ಲಿದೆಯೇ, ಅದರ ಎದುರಿಗೆ ಎಷ್ಟು ಜನ ಎಂದು ಬರೆದಿದ್ದಾರೆ ಎಂಬುದನ್ನು ಮೊದಲು ಪಂಚಾಯಿತಿಯಲ್ಲಿ ನೋಡಿ. ಲೆಕ್ಕಕ್ಕೆ ಬರುವುದು ನಿಮ್ಮ ಇಂದಿನ ಮುನ್ನೂರು ಅಲ್ಲ, 2011ರ ಅಂಕಿ, ಎಂಬುದನ್ನೂ ಗಮನದಲ್ಲಿಡಿ.

ಪ್ರಾಸಂಗಿಕವಾಗಿ, ಮೇಲಿನ ಸಿದ್ದಾಪುರದ ಓದುಗರಿಗೆ ಈ 250ರ ಮಿತಿಯೂ ಸಿಗುವುದಿಲ್ಲ. ಪಶ್ಚಿಮ ಘಟ್ಟ ಎಷ್ಟೇ ಎತ್ತರವಿದ್ದರೂ ಕರ್ನಾಟಕ ‘ಗುಡ್ಡಗಾಡು ರಾಜ್ಯ’ವಲ್ಲ, ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶವೂ ನಮ್ಮಲ್ಲಿ ಇಲ್ಲ. ಹೀಗಾಗಿ ಮಲೆನಾಡಿನ ಚೆದುರಿದ ಮನೆಗಳನ್ನು ಬಯಲಿನ ಅಳತೆಗೋಲಿನಿಂದಲೇ ಅಳೆಯಲಾಗುತ್ತದೆ. ಈ ಮಿತಿಯನ್ನು ರಾಜ್ಯದ ಗಡಿ ನೋಡಿ ಅಲ್ಲ, ನೆಲದ ಏರುಪೇರು ನೋಡಿ ನಿಗದಿ ಮಾಡಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಪತ್ರದಲ್ಲಿ ನೀವು ಕೇಳದ, ಆದರೆ ನನಗೆ ಹೆಚ್ಚು ಮುಖ್ಯವೆನಿಸಿದ ವಿಷಯಕ್ಕೆ ಬರುತ್ತೇನೆ. ‘ದೀಪಾವಳಿ ಮುಗಿದ ಮೇಲೆ ಅರ್ಧ ತಾಂಡಾ ಗುಳೆ ಹೋಗುತ್ತದೆ, ಯುಗಾದಿಗೆ ವಾಪಸು’ ಎಂದು ಬರೆದಿದ್ದೀರಿ. ಮುಂದಿನ ಜನಗಣತಿಯಲ್ಲಿ ಮನೆಪಟ್ಟಿಯ ಹಂತ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ, ತಲೆ ಎಣಿಸುವ ಹಂತ 2027ರ ಫೆಬ್ರವರಿಯಲ್ಲಿ. ನಮ್ಮ ರಾಜ್ಯಕ್ಕೆ ಲೆಕ್ಕದ ಗಳಿಗೆ 2027ರ ಮಾರ್ಚ್ 1ರ ಶೂನ್ಯ ಗಂಟೆ. ಫೆಬ್ರವರಿ ಎಂದರೆ ನಿಮ್ಮ ತಾಂಡಾದ ಮನೆಗಳಿಗೆ ಬೀಗ ಬಿದ್ದಿರುವ, ಕಬ್ಬು ಕಡಿಯುವವರು ಗದ್ದೆಯ ಬದಿಯ ಗುಡಿಸಲಿನಲ್ಲಿ, ಗಾರೆ ಕೆಲಸದವರು ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಇರುವ ತಿಂಗಳು. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆದಾಗ ಇದ್ದ ನಿಯಮದಂತೆ, ಆ ಅವಧಿಯುದ್ದಕ್ಕೂ ಊರಿನಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಇದ್ದ ಕಡೆ ಎಣಿಸಬೇಕು. ಅವಧಿಯೊಳಗೆ ಕೆಲವು ದಿನವಾದರೂ ಊರಿನಲ್ಲಿದ್ದ ಕಾಯಂ ನಿವಾಸಿಗಳು ಮಾತ್ರ ಊರಿನ ಲೆಕ್ಕಕ್ಕೆ ಬರುತ್ತಾರೆ. ಹೀಗಾಗಿ ಯುಗಾದಿಯ ಹೊತ್ತಿಗೆ ಮುನ್ನೂರು ಜನ ಇರುವ ತಾಂಡಾ, ಫೆಬ್ರವರಿಯ ಪುಸ್ತಕದಲ್ಲಿ ಇನ್ನೂರೈವತ್ತರ ಕೆಳಗೆ ಇಳಿಯಬಹುದು. ಅದರ ಮೇಲೆ ಮುಂದಿನ ಎಷ್ಟು ಯೋಜನೆಗಳ ಮಿತಿ ನಿಂತಿರುತ್ತದೆ ಎಂಬುದನ್ನು 2011ರ ಅಂಕಿಯ ಆಯುಸ್ಸು ನೋಡಿದರೇ ತಿಳಿಯುತ್ತದೆ. ಎಣಿಕೆಯ ದಿನಗಳು ಪ್ರಕಟವಾದ ಕೂಡಲೇ ಗುಳೆ ಹೋದವರಿಗೆ ಫೋನು ಮಾಡಿ, ಸಾಧ್ಯವಿದ್ದವರು ಆ ಅವಧಿಯಲ್ಲಿ ಒಮ್ಮೆ ಊರಿಗೆ ಬಂದು ಹೋಗುವಂತೆ ಹೇಳಿ. ಬರಲಾಗದವರು ಇದ್ದಲ್ಲಿಯಾದರೂ ಲೆಕ್ಕಕ್ಕೆ ಸಿಗಲಿ.

ತಾಂಡಾವನ್ನು ಪ್ರತ್ಯೇಕ ಕಂದಾಯ ಗ್ರಾಮವಾಗಿ ಘೋಷಿಸುವ ಅರ್ಜಿಯ ಬಗ್ಗೆಯೂ ಪತ್ರದಲ್ಲಿ ಕೇಳಿದ್ದೀರಿ. ಅರ್ಜಿಯನ್ನು ಮುಂದುವರಿಸಿ, ಹಕ್ಕುಪತ್ರದ ದೃಷ್ಟಿಯಿಂದ ಅದು ಅಗತ್ಯ. ಆದರೆ ಈ ಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಿರಗೊಳಿಸಿರುವುದರಿಂದ, ಆ ನಂತರ ಘೋಷಣೆಯಾದ ಗ್ರಾಮಕ್ಕೆ 2027ರ ಪುಸ್ತಕದಲ್ಲಿ ತನ್ನದೇ ಸಾಲು ಇರುವುದಿಲ್ಲ.

ಪ್ರಶ್ನೆ: ಹೆಂಗಸರಿಗೆ ಬಸ್ಸು ಉಚಿತ ಎಂದು ಎರಡು ವರ್ಷಕ್ಕೂ ಮೇಲಿನಿಂದ ಕೇಳುತ್ತಿದ್ದೇವೆ. ನಮ್ಮ ಊರಿಗೆ ಬಸ್ಸೇ ಇಲ್ಲ. ಪಕ್ಕದ ಊರಿನವರೆಗೆ ಬಂದು ಹಿಂದಿರುಗುವ ಬಸ್ಸನ್ನು ನಮ್ಮಲ್ಲಿಗೆ ಬಿಡಿ ಎಂದರೆ ಡಿಪೊದವರು ‘ನಿಮ್ಮ ಊರಿನ ಪಾಪ್ಯುಲೇಷನ್ ಎಷ್ಟು? ಕಲೆಕ್ಷನ್ ಆಗಲ್ಲ’ ಎನ್ನುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳು ಹಾಲಿನ ಗಾಡಿಯಲ್ಲಿ ನಿಂತು ಹೋಗುತ್ತಿದ್ದಾರೆ. ಏನು ಮಾಡಬೇಕು?
– ಮಧುಗಿರಿ ತಾಲ್ಲೂಕು, ತುಮಕೂರು

ಉತ್ತರ: ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದಾಗ ಅದರ ಲಾಭ ಬಸ್ಸು ಇರುವ ಊರಿನ ಹೆಂಗಸರಿಗೆ ಕೂಡಲೇ ಸಿಕ್ಕಿತು, ಇಲ್ಲದ ಊರಿನವರಿಗೆ ನಿಲ್ದಾಣದವರೆಗೆ ನಡೆದ ಮೇಲೆ ಸಿಕ್ಕಿತು. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದೇ ಯೋಜನೆ ನಿಮ್ಮ ಕೈಗೆ ಒಂದು ವಾದವನ್ನೂ ಕೊಟ್ಟಿದೆ. ಮಹಿಳೆಯರಿಗೆ ಕೊಡುವ ಶೂನ್ಯ ಮೌಲ್ಯದ ಟಿಕೆಟ್ ಬರಿಯ ಚೀಟಿಯಲ್ಲ. ಅದರ ಆಧಾರದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಹೀಗಾಗಿ ಬಸ್ಸಿನ ತುಂಬ ಹೆಂಗಸರೇ ಇದ್ದರೂ ಆ ಟ್ರಿಪ್ಪಿಗೆ ಗಳಿಕೆ ಇಲ್ಲ ಎನ್ನುವಂತಿಲ್ಲ. ಪಕ್ಕದ ಊರಿನಲ್ಲಿ ಹತ್ತುವಾಗ ನಿಮ್ಮ ಊರಿನವರೆಲ್ಲ ತಪ್ಪದೆ ಟಿಕೆಟ್ ಪಡೆಯಿರಿ. ‘ಹೇಗೂ ಫ್ರೀ ಅಲ್ಲವಾ’ ಎಂದು ಬಿಟ್ಟ ಪ್ರತಿಯೊಂದು ಟಿಕೆಟ್ಟೂ ಆ ಮಾರ್ಗದಲ್ಲಿ ಪ್ರಯಾಣಿಕರಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಡಿಪೊದವರ ಪ್ರಶ್ನೆಯೇ ತಪ್ಪು ಜಾಗದಿಂದ ಹೊರಟಿದೆ. ಬಸ್ಸಿಗೆ ಬೇಕಾದದ್ದು ಊರಿನ ಒಟ್ಟು ಜನಸಂಖ್ಯೆಯಲ್ಲ, ಒಂದು ನಿರ್ದಿಷ್ಟ ಹೊತ್ತಿಗೆ ರಸ್ತೆಗೆ ಬಂದು ನಿಲ್ಲುವವರ ಸಂಖ್ಯೆ. ಎರಡು ಸಾವಿರ ಜನರಿರುವ, ಪ್ರತಿ ಮನೆಯಲ್ಲೂ ಬೈಕು ಇರುವ ಹೆದ್ದಾರಿ ಪಕ್ಕದ ಊರಿಗಿಂತ, ನಾನೂರು ಜನರಿರುವ ಒಳನಾಡಿನ ಊರು ಬೆಳಗಿನ ಒಂದು ಬಸ್ಸನ್ನು ಹೆಚ್ಚು ತುಂಬಿಸಬಲ್ಲದು. ಆದ್ದರಿಂದ ನಿಮ್ಮ ಮನವಿಯಲ್ಲಿ ‘ನಮ್ಮ ಊರಿಗೆ ಬಸ್ಸು ಬಿಡಿ’ ಎಂಬ ಒಂದು ಸಾಲಿಗೆ ನಿಲ್ಲಬೇಡಿ. ಕಾಲೇಜಿಗೆ ಹೋಗುವ ಮಕ್ಕಳು ಎಷ್ಟು, ಅವರ ತರಗತಿ ಎಷ್ಟು ಹೊತ್ತಿಗೆ, ಗಾರ್ಮೆಂಟ್ಸ್ ಅಥವಾ ಕೂಲಿಗೆ ಹೋಗುವವರು ಎಷ್ಟು, ಸಂತೆಯ ದಿನ ಯಾವುದು, ಡೇರಿಗೆ ಹಾಲು ಹಾಕಿ ಮುಗಿಯುವುದು ಎಷ್ಟು ಹೊತ್ತಿಗೆ ಎಂಬುದನ್ನು ಬರೆಯಿರಿ. ಹೊಸ ಬಸ್ಸನ್ನು ಕೇಳಬೇಡಿ. ಪಕ್ಕದ ಊರಿನಲ್ಲಿ ತಿರುಗಿ ಹೋಗುವ ಇಂಥ ಹೊತ್ತಿನ ಟ್ರಿಪ್ಪನ್ನು ಇಷ್ಟು ಕಿಲೋಮೀಟರ್ ವಿಸ್ತರಿಸಿ ಎಂದು ಕೇಳಿ. ಹೊಸ ಬಸ್ಸು ಎಂದರೆ ಒಂದು ವಾಹನ, ಚಾಲಕ, ನಿರ್ವಾಹಕ, ಹೊಸ ವೇಳಾಪಟ್ಟಿ. ವಿಸ್ತರಣೆ ಎಂದರೆ ಹತ್ತು ಹದಿನೈದು ನಿಮಿಷ ಮತ್ತು ಸ್ವಲ್ಪ ಡೀಸೆಲ್. ಘಟಕ ವ್ಯವಸ್ಥಾಪಕರಿಗೆ ಕೊಟ್ಟ ಮನವಿಯ ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೂ ಕೊಡಿ. ಗ್ರಾಮಸಭೆಯ ನಡಾವಳಿಯಲ್ಲಿ ವಿಷಯ ದಾಖಲಾಗಿದ್ದರೆ ಅದನ್ನೂ ಲಗತ್ತಿಸಿ.

ಅದಕ್ಕೂ ಮೊದಲು ನೀವೇ ಒಮ್ಮೆ ಆ ರಸ್ತೆಯಲ್ಲಿ ಬಸ್ಸಿನ ಕಣ್ಣಿನಿಂದ ನಡೆದು ನೋಡಬೇಕು. ಹುಣಸೆ ಮರದ ಕೊಂಬೆ ಬಸ್ಸಿನ ಟಾಪಿಗೆ ತಗುಲುತ್ತದೆಯೇ? ಮೋರಿಯ ಮೇಲೆ ಎರಡು ಗಾಡಿ ಎದುರಾದರೆ ಒಂದು ಸರಿಯಲು ಜಾಗವಿದೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ಊರಿನಲ್ಲಿ ಬಸ್ಸು ತಿರುಗಿಸಲು ಜಾಗವಿದೆಯೇ? ನಾನು ಹತ್ತಿರದಿಂದ ನೋಡಿದ ಒಂದು ಊರಿನಲ್ಲಿ ಮಾರ್ಗ ಮಂಜೂರಾಗಿ, ಮೊದಲ ದಿನ ಬಾಳೆಕಂದು ಕಟ್ಟಿ ಪೂಜೆ ಮಾಡಿ, ಎಂಟೇ ದಿನಕ್ಕೆ ಬಸ್ಸು ನಿಂತುಹೋಯಿತು. ತಿರುಗುವ ಜಾಗದಲ್ಲಿ ಒಬ್ಬರ ತಿಪ್ಪೆ, ಇನ್ನೊಬ್ಬರ ಹುಲ್ಲಿನ ಬಣವೆ. ಚಾಲಕ ದಿನಾ ಅರ್ಧ ಕಿಲೋಮೀಟರ್ ಹಿಮ್ಮುಖವಾಗಿ ಬಸ್ಸು ನಡೆಸಿ ಸಾಕಾಗಿ ವರದಿ ಬರೆದಿದ್ದ. ತಿಪ್ಪೆ ಎತ್ತಿಸಲು ಊರಿಗೆ ಹಿಡಿದದ್ದು ಒಂದೂವರೆ ವರ್ಷ.

ರಾತ್ರಿ ಊರಿನಲ್ಲೇ ತಂಗಿ ಬೆಳಿಗ್ಗೆ ಹೊರಡುವ ಬಸ್ಸು, ಉತ್ತರ ಕರ್ನಾಟಕದವರ ಮಾತಿನಲ್ಲಿ ವಸ್ತಿ ಬಸ್ಸು, ನಿಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಒಳ್ಳೆಯದು. ನಾನು ಬೆಳೆದ ಊರಿನಲ್ಲಿ ರಾತ್ರಿ ಎಂಟೂವರೆಗೆ ಬರುವ ಆ ಬಸ್ಸು ಆಂಜನೇಯನ ಗುಡಿಯ ಮುಂದೆ ನಿಲ್ಲುತ್ತಿತ್ತು. ನಿರ್ವಾಹಕರು ಒಳಗಿನ ದೀಪದಲ್ಲಿ ಚಿಲ್ಲರೆ ಎಣಿಸಿ ಗುಡ್ಡೆ ಹಾಕಿ, ಆಮೇಲೆ ಸೀಟಿನ ಮೇಲೆ ಜಮಖಾನ ಹಾಸಿ ಮಲಗುತ್ತಿದ್ದರು. ಇಂಥ ಬಸ್ಸನ್ನು ಕೇಳುವುದಾದರೆ ಇಬ್ಬರು ನೌಕರರಿಗೆ ಬಾಗಿಲು ಭದ್ರವಿರುವ ಒಂದು ಕೋಣೆ, ಶೌಚಾಲಯ, ನೀರು ಇವನ್ನು ಊರಿನವರೇ ಮೊದಲು ತೋರಿಸಬೇಕು. ಅವರ ಕಷ್ಟವನ್ನು ನೋಡದೆ ಬೇಡಿಕೆಯನ್ನು ಮಾತ್ರ ಇಡುವುದು ಸರಿಯಲ್ಲ.

ನಿಗಮದಿಂದ ಆಗುವುದೇ ಇಲ್ಲವೆಂದಾದರೆ ಇನ್ನೊಂದು ದಾರಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಖಾಸಗಿ ಬಸ್ಸುಗಳಿಗೆ ರಹದಾರಿ (ಪರ್ಮಿಟ್) ಕೊಡುವುದು ಅಲ್ಲಿಂದಲೇ. ಹಾಲಿನ ಗಾಡಿಯಲ್ಲಿ ಮಕ್ಕಳನ್ನು ಕಳಿಸುವುದನ್ನು ಮಾತ್ರ ಇಂದೇ ನಿಲ್ಲಿಸಿ. ಸರಕು ವಾಹನದಲ್ಲಿ ಜನ ಹೋಗುವುದು ಕಾನೂನುಬಾಹಿರ ಎಂಬುದಷ್ಟೇ ಅಲ್ಲ, ಅಪಘಾತವಾದರೆ ವಿಮೆಯ ಪರಿಹಾರಕ್ಕೂ ಅದು ತೊಡಕಾಗುತ್ತದೆ. ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸುವ ಪ್ರಯೋಗದ ಬಗ್ಗೆಯೂ ಪತ್ರದಲ್ಲಿ ಕೇಳಿದ್ದೀರಿ. ಕೊಪ್ಪದಲ್ಲಿ 1991ರಲ್ಲಿ ನೌಕರರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಸುಮಾರು ಮೂರು ದಶಕ ಮಲೆನಾಡಿನ ಒಳಊರುಗಳಿಗೆ ಬಸ್ಸು ಓಡಿಸಿತು, 2020ರಲ್ಲಿ ನಿಂತುಹೋಯಿತು. ಮೂರು ದಶಕ ನಡೆದದ್ದನ್ನು ನೋಡಿದರೆ ಧೈರ್ಯ ಬರುತ್ತದೆ, ನಿಂತದ್ದನ್ನು ನೋಡಿದರೆ ಸಂಘ ಕಟ್ಟುವ ಮೊದಲು ಡೀಸೆಲ್ ಲೆಕ್ಕ ಹಾಕಬೇಕೆನಿಸುತ್ತದೆ.

ಪ್ರಶ್ನೆ: ಸಿಗಂದೂರಿಗೆ ಸೇತುವೆ ಆಯಿತು. ಇನ್ನು ಹಿನ್ನೀರಿನ ಆಚೆಯ ಊರುಗಳಿಗೆ ಜನ ಹಿಂದಿರುಗುತ್ತಾರೆಯೇ?
– ಬೆಂಗಳೂರಿನಲ್ಲಿರುವ ತುಮರಿ ಸೀಮೆಯ ಓದುಗರು

ಉತ್ತರ: ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ನೀರು ನಿಂತಾಗ ಸಾಗರ ತಾಲ್ಲೂಕಿನ ಆ ಭಾಗ ತಾಲ್ಲೂಕು ಕೇಂದ್ರದಿಂದ ಕಡಿದುಹೋಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಡುವಿನ ಆರು ದಶಕಗಳಲ್ಲಿ ಒಂದಿಡೀ ತಲೆಮಾರು ಹುಟ್ಟಿ, ಓದಿ, ಊರು ಬಿಟ್ಟು ಹೋಗಿ ನಿವೃತ್ತಿಯ ವಯಸ್ಸಿಗೂ ಬಂದಿದೆ. ಹಾಗೆ ಹೋದವರೆಲ್ಲ ಸೇತುವೆಯಾಯಿತೆಂದು ಮರಳಿ ಬರುತ್ತಾರೆಂದು ನನಗೆ ಅನಿಸುವುದಿಲ್ಲ. ಆದರೆ ಇನ್ನೂ ಹೋಗದೆ ಉಳಿದವರ ವಿಷಯ ಬೇರೆ. ಸಾಗರದ ಕಾಲೇಜಿಗೆ ಸೇರಿಸಲು ಮಗಳಿಗೆ ಅಲ್ಲಿ ಬಾಡಿಗೆ ಕೋಣೆ ಹುಡುಕಬೇಕಿಲ್ಲ, ಹೆರಿಗೆಗೆ ತಿಂಗಳು ಮೊದಲೇ ನೆಂಟರ ಮನೆ ಸೇರಬೇಕಿಲ್ಲ ಎಂದಾದರೆ ಒಂದು ಮನೆ ಊರಿನಲ್ಲಿಯೇ ಉಳಿಯುತ್ತದೆ.

ಹಿನ್ನೀರು ದಾಟಿಸುವ ಲಾಂಚಿನ ಕಾಲದಲ್ಲಿ ಆ ಸೀಮೆಯ ಎಲ್ಲ ಕೆಲಸಕ್ಕೂ ಗಡಿಯಾರವೆಂದರೆ ಕೊನೆಯ ಲಾಂಚು. ಮದುವೆ ಊಟದ ಎರಡನೆಯ ಪಂಕ್ತಿ ಏಳುವ ಮೊದಲೇ ಸಾಗರದ ಕಡೆಯವರು ಚಡಪಡಿಸುತ್ತಿದ್ದರು. ರಾತ್ರಿ ಹೊಟ್ಟೆನೋವು ಬಂದವರು ಬೆಳಗಾಗುವುದನ್ನು ಕಾಯಬೇಕಿತ್ತು. 2023ರ ಜೂನ್‌ನಲ್ಲಿ ನೀರು ತೀರ ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಲಾಗಿತ್ತು. ಆ ಗಡಿಯಾರ ಈಗ ಇಲ್ಲ. ಆದರೆ ಸಿಗಂದೂರಿನ ದೇವಿಯ ದರ್ಶನಕ್ಕೆ ಬರುವ ವಾಹನಗಳ ಸಾಲನ್ನು ನೋಡಿ ಒಳಗಿನ ಊರುಗಳಿಗೂ ಬಸ್ಸು ಬಂತೆಂದು ತಿಳಿಯಬಾರದು. ಭಕ್ತರ ಬಸ್ಸು ಬೆಳಿಗ್ಗೆ ಬಂದು ಮಧ್ಯಾಹ್ನ ತಿರುಗುತ್ತದೆ, ಊರಿನವರಿಗೆ ಬೇಕಾದದ್ದು ಬೆಳಿಗ್ಗೆ ಹೊರಟು ಸಂಜೆ ಮರಳುವ ಬಸ್ಸು. ಆ ಭಾಗದ ಓದುಗರು ತಮ್ಮ ಊರಿಗೆ ಸಾಗರದಿಂದ ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ, ಅದು ಊರಿನೊಳಕ್ಕೇ ಬರುತ್ತದೆಯೋ ಕೈಮರದ ಹತ್ತಿರ ಇಳಿಸಿ ಹೋಗುತ್ತದೆಯೋ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.